ಡಿ ವಿಟ್ ಕೊಲೆ: ಗುಂಪಿನ ತಪ್ಪಷ್ಟೇ ಅಲ್ಲ

ಮಾನ್ಯರೇ,

ಹಾಲೆಂಡಿನ ಮುಖ್ಯ ಆಡಳಿತಗಾರನಾಗಿದ್ದ ಯೋಹಾನ್ ಡಿ ವಿಟ್ ಪತನದ ಮಾತು ಬಂದಾಗ ಎಲ್ಲರೂ ರೊಚ್ಚಿಗೆದ್ದ ಗುಂಪನ್ನೇ ದೂರುತ್ತಾರೆ. ಅಷ್ಟು ಸಾಕಾ? 1653ರಿಂದ ಸುಮಾರು 19 ವರ್ಷ, ಅಧಿಕಾರದಲ್ಲಿ ಪಾಲು ಬಯಸುತ್ತಿದ್ದ ಆರೆಂಜ್ ರಾಜಮನೆತನವನ್ನು ದೂರವಿಟ್ಟು ಗಣರಾಜ್ಯ ನಡೆಸಿದವನು ಆತ. ನೌಕಾಪಡೆ ಬೆಳೆಸಿದ, ಭೂಸೇನೆಯನ್ನು ಮರೆತ. 1672ರಲ್ಲಿ ಫ್ರಾನ್ಸ್, ಇಂಗ್ಲೆಂಡ್ ಒಟ್ಟಿಗೆ ಮೇಲೆ ಬಿದ್ದಾಗ ಅದು ದುಬಾರಿಯಾಯಿತು. ಅವನದೇ ತಪ್ಪು, ಒಪ್ಪೋಣ.

ಆದರೆ ಆಗಸ್ಟ್ 4ರಂದೇ ಹುದ್ದೆ ಬಿಟ್ಟಿದ್ದನಲ್ವಾ? 20ರಂದು ಹೇಗ್ ಸೆರೆಮನೆಯಲ್ಲಿದ್ದ ಅಣ್ಣ ಕೊರ್ನೆಲಿಸ್‌ನನ್ನು ನೋಡಲು ಹೋದ. ಇಬ್ಬರನ್ನೂ ಬೀದಿಗೆಳೆದು ಕೊಂದರು. ಕಾವಲಿದ್ದ ಕುದುರೆ ಪಡೆಯನ್ನು ಅಲ್ಲಿಂದ ಕಳಿಸಿದ್ದು ಗುಂಪಲ್ಲ, ಅಧಿಕಾರದಲ್ಲಿದ್ದವರು. ಆರೆಂಜ್ ರಾಜಕುಮಾರನ ಕೊಲೆಗೆ ಸಂಚು ಹೂಡಿದ್ದಾನೆಂದು ಕೊರ್ನೆಲಿಸ್ ಮೇಲೆ ದೂರು ಕೊಟ್ಟು ಅವನನ್ನು ಸೆರೆಗೆ ತಳ್ಳಿಸಿದ ಟಿಖೆಲಾರ್‌ಗೆ ಮುಂದೆ ಪಿಂಚಣಿಯೂ ಸಿಕ್ಕಿತು!

– ಓದುಗ, ಧಾರವಾಡ