ಕ್ಲೈಮ್ಯಾಕ್ಸ್ ಬಚ್ಚಿಡುವ ಸಲಹೆ ಬೇಡ

ಮಾನ್ಯ ಸಂಪಾದಕರೇ,

ನಿಮ್ಮ ಸಿನಿಮಾ ಪುರವಣಿಯಲ್ಲಿ ಹೊಸ ಬರಹಗಾರರಿಗೆ ಕೊಟ್ಟ ಸಲಹೆಗಳನ್ನು ಓದಿದೆ. ಬಹಳಷ್ಟು ಸರಿಯಾಗಿವೆ. ಆದರೆ ‘ನಿರ್ಮಾಪಕರಿಗೆ ಇಂಟರ್ವಲ್‌ವರೆಗೆ ಮಾತ್ರ ಕಥೆ ಹೇಳಿ, ಕ್ಲೈಮ್ಯಾಕ್ಸ್ ಬಿಟ್ಟುಕೊಡಬೇಡಿ’ ಅನ್ನುವ ಮಾತಿಗೆ ನನ್ನ ತಕರಾರಿದೆ. ನಾನು ಒಂದು ನಿರ್ಮಾಣ ಸಂಸ್ಥೆಯಲ್ಲಿ ಕಥೆ ಕೇಳುವ ಕೆಲಸದವಳು. ಬಂದವರ ಕಥೆ ಕೇಳಿ, ಒಂದು ಪುಟದ ಟಿಪ್ಪಣಿ ಬರೆದು ಮೇಲಿನವರಿಗೆ ಒಪ್ಪಿಸುತ್ತೇನೆ.

ಕೊನೆ ಹೇಳದ ಕಥೆ ಈ ಕಡೆ ಕೂತವರಿಗೆ ಹೇಗೆ ಕಾಣುತ್ತದೆ ಗೊತ್ತೇ? ‘ಇವರ ಹತ್ತಿರ ಕೊನೆಯೇ ಇಲ್ಲ’ ಅಂತ. ಎಷ್ಟೋ ಸಲ ಅದು ನಿಜವೂ ಆಗಿರುತ್ತದೆ! ಅದೂ ಅಲ್ಲದೆ, ನಾನು ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಬೇಕು, ಅವರು ದುಡ್ಡು ಹಾಕುವವರಿಗೆ ಹೇಳಬೇಕು. ‘ಆಮೇಲೇನಾಯ್ತು?’ ಅಂತ ಅವರು ಕೇಳಿದಾಗ ‘ಅಗ್ರಿಮೆಂಟ್ ಆದ ಮೇಲೆ ಹೇಳ್ತಾರಂತೆ’ ಅಂದರೆ ಮಾತು ಅಲ್ಲಿಗೇ ಮುಗಿಯಿತು. ಗುಟ್ಟು ಮುಚ್ಚಿಡಬೇಕಾದದ್ದು ಪ್ರೇಕ್ಷಕರಿಂದ, ಟ್ರೇಲರ್‌ನಲ್ಲಿ. ಕೊಳ್ಳುವವರಿಂದ ಮುಚ್ಚಿಟ್ಟರೆ, ಮನೆ ತೋರಿಸಲು ಕರೆದು ಅರ್ಧ ಕೋಣೆಗಳಿಗೆ ಬೀಗ ಹಾಕಿದ ಹಾಗೆ.

ಒಂದು ಎಳೆ ನಾನೇ ಹೆಣೆದು ಹೇಳುತ್ತೇನೆ. ತೀರಿಹೋದ ಗಂಡನ ಹೆಸರಲ್ಲಿ ಒಬ್ಬ ಹೆಂಗಸಿಗೆ ಪ್ರತಿ ತಿಂಗಳು ಅಂಚೆಯಲ್ಲಿ ದುಡ್ಡು ಬರುತ್ತದೆ. ಕಳಿಸುತ್ತಿರುವವನು ಅಂಚೆಯವನೇ. ಇಷ್ಟು ಯಾರಿಗೆ ಬೇಕಾದರೂ ಹೊಳೆಯಬಹುದು. ಅದನ್ನೇ ದೊಡ್ಡ ಗುಟ್ಟು ಅಂದುಕೊಂಡು ಬಚ್ಚಿಟ್ಟರೆ ನನ್ನ ಕೈಗೆ ಸಿಗುವುದು ‘ಕಳಿಸುವವರು ಯಾರು?’ ಅನ್ನುವ ಪ್ರಶ್ನೆ ಮಾತ್ರ. ಎರಡನೇ ತಿಂಗಳಿಗೇ ಆಕೆಗೆ ಎಲ್ಲ ಗೊತ್ತಾಗಿದೆ, ಗೊತ್ತಿದ್ದೂ ಸಹಿ ಹಾಕಿ ತೆಗೆದುಕೊಳ್ಳುತ್ತಿದ್ದಾಳೆ, ಕೊನೆಗೊಂದು ದಿನ ಸಹಿ ಹಾಕಲ್ಲ ಅನ್ನುತ್ತಾಳೆ ಅಂತ ಹೇಳಿ ನೋಡಿ. ಆಗ ನಾನು ಪೆನ್ನು ಎತ್ತಿಕೊಳ್ಳುತ್ತೇನೆ. ಹೇಳಬೇಕಾದ್ದು ಇದನ್ನೇ. ದೃಶ್ಯಗಳ ಪಟ್ಟಿ, ಸಂಭಾಷಣೆ, ನಾಯಕನ ಗೆಳೆಯನ ಉಪಕಥೆ ಇವೆಲ್ಲ ಮೊದಲ ಭೇಟಿಯಲ್ಲಿ ಬೇಡ. ಕದಿಯುತ್ತಾರೆ ಅಂತಲ್ಲ. ಕೇಳುವವರ ತಲೆಯಲ್ಲಿ ಅಷ್ಟೆಲ್ಲ ನಿಲ್ಲುವುದಿಲ್ಲ, ಅಷ್ಟೇ.

ಕದಿಯುವ ಭಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆರ್.ಜಿ. ಆನಂದ್ ಪ್ರಕರಣ ಬರೆಯುವವರಿಗೆಲ್ಲ ಗೊತ್ತಿರಬೇಕು. ಅವರು ‘ಹಮ್ ಹಿಂದೂಸ್ತಾನಿ’ ಎಂಬ ನಾಟಕ ಬರೆದಿದ್ದರು. 1955ರಲ್ಲಿ ಅದನ್ನು ಸಿನಿಮಾದವರಿಗೆ ಓದಿ ಹೇಳಿದರು. 1956ರಲ್ಲಿ ‘ನ್ಯೂ ಡೆಲ್ಲಿ’ ಸಿನಿಮಾ ಬಂತು. ಇದು ನನ್ನದೇ ನಾಟಕ ಅಂತ ಆನಂದ್ ಕೋರ್ಟಿಗೆ ಹೋದರು. 1978ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ಐಡಿಯಾಕ್ಕೆ, ವಿಷಯಕ್ಕೆ, ಕಥಾವಸ್ತುವಿಗೆ ಕಾಪಿರೈಟ್ ಇಲ್ಲ, ಅದನ್ನು ಬರೆದು ತೋರಿಸಿದ ರೀತಿಗೆ ಮಾತ್ರ ಇದೆ ಅನ್ನುವುದು ಆ ತೀರ್ಪಿನ ಸಾರ. ಪೂರ್ತಿ ಹೇಳಿದ್ದಕ್ಕೇ ಅವರು ಕೆಟ್ಟರು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬೇರೆ ಬೇರೆ ಪ್ರಾಂತ್ಯದ ಎರಡು ಮನೆಗಳ ಮಕ್ಕಳ ಪ್ರೀತಿ ಅನ್ನುವ ಎಳೆ ಮೊದಲ ಐದು ನಿಮಿಷದಲ್ಲೇ ಹೊರಬೀಳುತ್ತದೆ, ಅಲ್ವಾ? ಕ್ಲೈಮ್ಯಾಕ್ಸ್ ಮುಚ್ಚಿಟ್ಟು ಅದನ್ನು ಹೇಗೆ ಉಳಿಸಿಕೊಳ್ಳುತ್ತಿದ್ದರು?

ಇನ್ನೊಂದು ಪ್ರಕರಣ ಅಮೆರಿಕದ್ದು. ವಿಕ್ಟರ್ ಡೆಸ್ನಿ ಎಂಬಾತ ನಿರ್ದೇಶಕ ಬಿಲ್ಲಿ ವೈಲ್ಡರ್ ಅವರ ಆಫೀಸಿಗೆ ಫೋನ್ ಮಾಡಿ, ಅವರ ಕಾರ್ಯದರ್ಶಿಗೆ ಕಥೆಯ ಸಾರಾಂಶ ಬರೆಸಿದ. ಬಳಸಿಕೊಂಡರೆ ದುಡ್ಡು ಕೊಡಬೇಕು ಅಂತಲೂ ಹೇಳಿದ. ಐಡಿಯಾ ಯಾರ ಆಸ್ತಿಯೂ ಅಲ್ಲದಿದ್ದರೂ ಇಂಥ ಷರತ್ತಿನ ಮೇಲೆ ಕೇಳಿಸಿಕೊಂಡು ಬಳಸಿದರೆ ಅದು ಒಪ್ಪಂದ ಆಗಬಹುದು ಅಂತ 1956ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲೂ 2003ರಲ್ಲಿ, ಜೀ ಟೆಲಿಫಿಲ್ಮ್ಸ್ ಮತ್ತು ಸನ್‌ಡಯಲ್ ಕಮ್ಯುನಿಕೇಷನ್ಸ್ ನಡುವಿನ ಧಾರಾವಾಹಿ ಪ್ರಕರಣದಲ್ಲಿ, ಸನ್‌ಡಯಲ್‌ನವರು ಜೀಯವರನ್ನು ನಂಬಿ ಹೇಳಿದ ಕಾನ್ಸೆಪ್ಟ್ ಅನ್ನು ಗೋಪ್ಯ ಮಾಹಿತಿ ಅಂತ ಬಾಂಬೆ ಹೈಕೋರ್ಟ್ ಕಾಪಾಡಿತು. ಈ ಎರಡರಲ್ಲೂ ಕೆಲಸಕ್ಕೆ ಬಂದದ್ದು ಯಾರಿಗೆ, ಯಾವ ಷರತ್ತಿನ ಮೇಲೆ, ಏನು ಹೇಳಿದರು ಅನ್ನುವ ವಿಷಯ.

ಹಾಗಾಗಿ ಬರುವವರಿಗೆ ನಾನು ಹೇಳುವುದು ಇಷ್ಟು. ಬಾಯಲ್ಲಿ ಹೇಳುವ ಮೊದಲು ಬರೆಯಿರಿ. ಬರೀ ಸಿನಾಪ್ಸಿಸ್ (ಸಾರಾಂಶ) ಅಲ್ಲ, ಸಾಧ್ಯವಾದರೆ ಪೂರ್ತಿ ಚಿತ್ರಕಥೆ. ಕಾಪಿರೈಟ್ ಹುಟ್ಟುವುದೇ ಬರೆದಾಗ. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿಟ್ಟರೆ ದಿನಾಂಕಕ್ಕೆ ಒಂದು ಸಾಕ್ಷಿ ಇರುತ್ತದೆ. ಭೇಟಿ ಮುಗಿದ ದಿನವೇ ‘ಇಂದು ಈ ಕಥೆಯನ್ನು ನಿಮಗೆ ಹೇಳಿದೆ, ಇಷ್ಟವಾದರೆ ಸಂಭಾವನೆಯ ಮಾತಾಡೋಣ’ ಅಂತ ಒಂದು ಇಮೇಲ್ ಹಾಕಿ, ಜೊತೆಗೆ ಒಂದು ಪುಟದ ಸಾರಾಂಶ ಇರಲಿ. ಮೊದಲ ಭೇಟಿಯಲ್ಲೇ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಕೇಳಿದರೆ ಹೆಚ್ಚಿನವರು ಹಾಕುವುದಿಲ್ಲ. ಅದು ದುರುದ್ದೇಶವೇ ಆಗಬೇಕಿಲ್ಲ. ಒಬ್ಬರನ್ನೊಬ್ಬರು ನೋಡೇ ಇರದ ಇಬ್ಬರು ಒಂದೇ ಥರದ ಎಳೆ ಹಿಡಿದುಕೊಂಡು ಬರುವುದನ್ನು ನಾನೇ ನೋಡಿದ್ದೇನೆ. ಒಬ್ಬರಿಗೆ ಸಹಿ ಹಾಕಿದರೆ ಇನ್ನೊಬ್ಬರ ಕಥೆ ಮಾಡಲು ತೊಡಕಾದೀತು ಅನ್ನುವ ಭಯ ಇರುತ್ತದೆ. ಆದರೆ ಸಂಸ್ಥೆಯವರೇ ನಿಮ್ಮಿಂದ ಸಹಿ ಕೇಳಿದರೆ ಕಾಗದವನ್ನು ಪೂರ್ತಿ ಓದಿ. ‘ನಮ್ಮ ಬಳಿ ಇಂಥದ್ದೇ ಕಥೆ ಇದ್ದರೆ ನೀವು ಕೇಸ್ ಹಾಕುವಂತಿಲ್ಲ’ ಅಂತ ಬರೆದಿರುವುದುಂಟು.

ನಿಜವಾಗಿ ಬಾಯಿ ಮುಚ್ಚಬೇಕಾದ ಜಾಗ ಬೇರೆ ಇದೆ. ‘ಕಥೆ ಚೆನ್ನಾಗಿದೆ, ಸುಮ್ನೆ ಇಂಟರ್ವಲ್ ಸೀನ್ ಬರೆದು ಕಳಿಸಿ, ನೋಡೋಣ’ ಅನ್ನುತ್ತಾರಲ್ಲ, ಅಲ್ಲಿ. ಆಮೇಲೆ ಇನ್ನೊಂದು ಸೀನ್, ಆಮೇಲೆ ನಾಯಕಿಗೆ ಜಾಸ್ತಿ ಕೆಲಸ ಕೊಟ್ಟ ಹೊಸ ಡ್ರಾಫ್ಟ್. ಕೊನೆ ಬಚ್ಚಿಟ್ಟವರೂ ಇದಕ್ಕೆ ಸಿಕ್ಕಿಬೀಳುತ್ತಾರೆ. ಬರಹಗಾರರು ಕಳೆದುಕೊಳ್ಳುವುದು ಐಡಿಯಾಕ್ಕಿಂತ ಜಾಸ್ತಿ ಈ ಪುಕ್ಕಟೆ ಕೆಲಸವನ್ನು. ಅಡ್ವಾನ್ಸ್ ಇಲ್ಲದೆ ಒಂದು ಸೀನ್ ಕೂಡ ಕಳಿಸಬೇಡಿ.

ಮುಂದಿನ ಸಲ ನಿಮ್ಮ ಪುರವಣಿ ನಿರ್ಮಾಪಕರನ್ನೂ ಮಾತಾಡಿಸಲಿ. ಕಥೆ ಕೇಳಿದ ಮೇಲೆ ‘ಈ ದಿನ ಇಂಥವರಿಂದ ಈ ಕಥೆ ಕೇಳಿದೆವು’ ಅಂತ ಎರಡು ಸಾಲಿನ ಇಮೇಲ್ ಕಳಿಸಲು ಅವರಿಗೇನು ಅಡ್ಡಿ ಅಂತ ಕೇಳಿ. ನಮ್ಮ ಆಫೀಸಿನಲ್ಲಿ ನಾನು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಇಂತಿ,
ಕಥೆ ಕೇಳುವ ಕೆಲಸದ, ನಿಮ್ಮ ಓದುಗರಲ್ಲಿ ಒಬ್ಬಳು