ಹೆಸರಿಗೂ ಬಾಡಿಗೆ

ಮಾನ್ಯರೇ,

ಪುಣೆ, ಮುಂಬೈಗಳ ಟ್ರಂಪ್ ಟವರ್‌ಗಳನ್ನು ಕಟ್ಟಿದ್ದು ಇಲ್ಲಿನ ಬಿಲ್ಡರ್‌ಗಳೇ. ಟ್ರಂಪ್ ಸಂಸ್ಥೆ ಕೊಟ್ಟದ್ದು ಹೆಸರು, ಪಡೆಯುವುದು ರಾಯಧನ. ಈ ದಂಧೆಯ ಬಂಡವಾಳ ಟ್ರೇಡ್‌ಮಾರ್ಕ್. ಅದನ್ನು ನೋಂದಾಯಿಸುವುದು, 10 ವರ್ಷಕ್ಕೊಮ್ಮೆ ನವೀಕರಿಸುವುದು ಆಯಾ ದೇಶದ ಸರ್ಕಾರಿ ಕಚೇರಿ, ತೊಡಕಿರುವುದು ಅಲ್ಲೇ.

ಚೀನಾದಲ್ಲಿ ಮೊದಲು ಅರ್ಜಿ ಹಾಕಿದವರಿಗೇ ಹಕ್ಕು. ಕಟ್ಟಡ ನಿರ್ಮಾಣ ಸೇವೆಯ ವರ್ಗದಲ್ಲಿ ಬೇರೊಬ್ಬರು 2006ರಲ್ಲೇ ಮುಂದಾಗಿದ್ದರಿಂದ ಟ್ರಂಪ್ ವರ್ಷಗಟ್ಟಲೆ ಸೋಲುತ್ತಲೇ ಬಂದರು. 2016ರ ನವೆಂಬರ್‌ನಲ್ಲಿ ಚುನಾವಣೆ ಗೆದ್ದ ಬೆನ್ನಲ್ಲೇ ಪ್ರಾಥಮಿಕ ಒಪ್ಪಿಗೆ ಸಿಕ್ಕಿತು. ಫೆಬ್ರುವರಿಯಲ್ಲಿ ನೋಂದಣಿಯೂ ಆಯಿತು. ಇದು ಲಂಚವೆಂದು ಸಾಬೀತಾಗಿಲ್ಲ, ನಿಜ. ಆದರೆ ಪ್ರಶ್ನಿಸುವ ದಾರಿಯೂ ಕಿರಿದು. ಅಮೆರಿಕದ ಹಿತಾಸಕ್ತಿ ಸಂಘರ್ಷದ ಕ್ರಿಮಿನಲ್ ಕಾನೂನು ಅಧ್ಯಕ್ಷರಿಗೆ ಅನ್ವಯಿಸದು. ವಿದೇಶಿ ಸರ್ಕಾರಗಳಿಂದ ಲಾಭ ಪಡೆಯಬಾರದೆಂಬ ಸಂವಿಧಾನದ ವಿಧಿಯಡಿ ಹೂಡಿದ್ದ ಎರಡು ದಾವೆಗಳು, ಟ್ರಂಪ್ ಅಧಿಕಾರಾವಧಿ ಮುಗಿಯಿತೆಂಬ ಕಾರಣಕ್ಕೆ 2021ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಬಿದ್ದುಹೋದವು.

ಆಸ್ತಿಯನ್ನು ಟ್ರಸ್ಟಿಗೆ ವಹಿಸಿದರೂ ಗೋಡೆಯ ಮೇಲಿನ ಹೆಸರು ಮರೆಯಾಗುವುದಿಲ್ಲವಲ್ಲ! ಅಧಿಕಾರದಲ್ಲಿರುವಷ್ಟು ಕಾಲ ಹೊಸ ಅರ್ಜಿ, ಹೊಸ ಲೈಸೆನ್ಸ್ ಎರಡನ್ನೂ ತಡೆದು, ನಕಲಿಗಳ ಕಾಟ ತಪ್ಪಿಸಲು ಹಳೆಯವುಗಳ ನವೀಕರಣಕ್ಕಷ್ಟೇ ಅವಕಾಶ ಕೊಡಬೇಕು. ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 14ನೇ ಕಲಮೂ ಬದುಕಿರುವವರ ಅಥವಾ ಇತ್ತೀಚೆಗೆ ತೀರಿಕೊಂಡವರ ಹೆಸರನ್ನು ಬೇರೆಯವರು ಬಳಸುವಾಗಿನ ಒಪ್ಪಿಗೆಯ ಬಗ್ಗೆ ಮಾತ್ರ ಹೇಳುತ್ತದೆ. ಸಚಿವರೊಬ್ಬರು ತಮ್ಮ ಹೆಸರನ್ನು ತಾವೇ ನೋಂದಾಯಿಸಿ ಬಾಡಿಗೆಗೆ ಬಿಟ್ಟರೆ ಅದಕ್ಕೆ ತಕರಾರಿಲ್ಲ.