ಆ ಆರ್ಡರ್ ಪುಸ್ತಕಗಳು ಗುಜರಿಗೆ ಹೋಗುವ ಮುಂಚೆ

ನಗರಸಭೆ ಅಧ್ಯಕ್ಷರಿಗೆ ನಮಸ್ಕಾರ.

ನಮ್ಮಲ್ಲಿ ರೇಸಿಂಗ್ ಸೈಕಲ್ ಫ್ರೇಮ್ ಕಟ್ಟುತ್ತಿದ್ದ ಹಿರಿಯರು ವರ್ಕ್‌ಶಾಪ್ ಮುಚ್ಚಿದ್ದಾರೆ. ಅವರ ಒಂದು ಕೆಂಪು ಸೈಕಲ್ಲನ್ನು ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಿಸುತ್ತೀರಂತೆ. ಸಂತೋಷ. ಆದರೆ ಒಳಗಿರುವ ಜಿಗ್ (ಬೆಸೆಯುವಾಗ ಟ್ಯೂಬ್‌ಗಳನ್ನು ಸರಿಯಾದ ಕೋನದಲ್ಲಿ ಹಿಡಿದಿಡುವ ಚೌಕಟ್ಟು), ಅರಗಳು, ಆರ್ಡರ್ ಪುಸ್ತಕಗಳು ಗುಜರಿಗೆ ಹೋಗುತ್ತವೆ ಎಂಬ ಸುದ್ದಿಯೂ ಬಂತು. ಪೆಟ್ಟಿಗೆಯಲ್ಲಿ ಒಂದಕ್ಕೇ ಜಾಗ ಅಂದರೆ, ನಾನಾಗಿದ್ದರೆ ಸೈಕಲ್ ಬಿಟ್ಟು ಪುಸ್ತಕ ಇಡುತ್ತಿದ್ದೆ.

ರೇಸಿಂಗ್ ಸೈಕಲ್ ಮೇಲಿನ ಹೆಸರನ್ನು ಸುಮ್ನೆ ನಂಬುವ ಹಾಗಿಲ್ಲ. ಕಟ್ಟಿದವರು ಒಬ್ಬರು, ಬಣ್ಣದ ಮೇಲೆ ಹೆಸರು ಇನ್ನೊಬ್ಬರದು. 1970ರ ದಶಕದಲ್ಲಿ ಬೆಲ್ಜಿಯಂನ ಹೆಸರಾಂತ ರೇಸರ್ ಎಡ್ಡಿ ಮೆರ್ಕ್ಸ್ ಓಡಿಸಿದ ಎಷ್ಟೋ ಫ್ರೇಮ್‌ಗಳನ್ನು ಕಟ್ಟಿದ್ದು ಇಟಲಿಯ ಉಗೊ ಡಿ ರೋಸಾ. ಮಿಲಾನಿನ ವಿಗೊರೆಲ್ಲಿ ವೆಲೊಡ್ರೋಮ್‌ನಲ್ಲೇ (ಸೈಕಲ್ ರೇಸಿನ ಟ್ರ್ಯಾಕ್) ವರ್ಕ್‌ಶಾಪ್ ಇಟ್ಟಿದ್ದ ಫಾಲಿಯೆರೊ ಮಾಸಿ ಕಟ್ಟಿದ ಫ್ರೇಮ್‌ಗಳೂ ಬೇರೆಯವರ ಹೆಸರಲ್ಲಿ ಓಡಿವೆ. ಅಂಥವರ ಕಥೆಯೇ ಹೀಗಿರುವಾಗ, ಊರಿನ ಸಣ್ಣ ಶೆಡ್ಡಿನವರ ಹೆಸರು ಉಳಿಯುತ್ತದಾ?

ಉಳಿದಿರುವುದು ಆ ಪುಸ್ತಕಗಳಲ್ಲಿ ಮಾತ್ರ. ಒಂದೊಂದು ಪುಟದಲ್ಲಿ ಒಬ್ಬೊಬ್ಬ ಸವಾರನ ಕಾಲಳತೆ, ತೋಳಿನ ಉದ್ದ, ಸೀಟ್ ಟ್ಯೂಬಿನ ಕೋನ. ಟ್ರ್ಯಾಕಿಗೋ ರಸ್ತೆಗೋ ಎಂಬ ಗುರುತು. ಬಾಕಿ ಹಣದ ಲೆಕ್ಕ (ನನ್ನದೂ ಇದೆ, ಹುಡುಕಬೇಡಿ). ಪೆಡಲ್ ಅಚ್ಚು ಕೂರುವ ಬಾಟಮ್ ಬ್ರಾಕೆಟ್ಟಿನ ಅಡಿಯಲ್ಲಿ ಗುದ್ದಿದ ನಂಬರ್ ಯಾವ ಫ್ರೇಮಿನದು, ಯಾರದು ಎಂದು ಹೇಳುವುದು ಆ ಪುಟವೇ. ಅದು ಹೋದರೆ ನಿಮ್ಮ ಕೆಂಪು ಸೈಕಲ್ಲೂ ಮೂಕ.

ಇನ್ನು ಕೆಲಸದ ವಿಷಯ. ಬಟೆಡ್ ಟ್ಯೂಬ್ ಅಂದರೆ ತುದಿಯಲ್ಲಿ ದಪ್ಪ, ನಡುವೆ ತೆಳು. ಬ್ರಿಟನ್ನಿನ ರೆನಾಲ್ಡ್ಸ್‌ನವರು ಇದಕ್ಕೆ 1897ರಲ್ಲೇ ಪೇಟೆಂಟ್ ಪಡೆದರು. 1935ರಲ್ಲಿ ಅವರದೇ 531 ಸ್ಟೀಲ್ ಬಂತು. ಬೆಸುಗೆಯ ಬಿಸಿ ತಗಲುವುದು ತುದಿಗೆ, ಬಲ ಬೇಕಾದದ್ದೂ ಅಲ್ಲೇ. ತೂಕ ಉಳಿಸುವುದು ನಡುವೆ. ಟ್ಯೂಬ್‌ಗಳು ಸೇರುವ ಕಡೆ ತೊಡಿಸುವ ಲೋಹದ ಕೊಳವೆಯೇ ಲಗ್; ಬೆಸೆಯುವ ಹಿತ್ತಾಳೆ ಕರಗಿ ಲಗ್ಗಿನ ಸಂದಿಗೆ ಇಳಿಯಲು ಹತ್ತಿರ ಹತ್ತಿರ 900 ಡಿಗ್ರಿ ಬೇಕು. ನಮ್ಮ ಹಿರಿಯರ ಶೆಡ್ಡಿನಲ್ಲಿ ಥರ್ಮಾಮೀಟರ್ ಇರಲಿಲ್ಲ. ಸ್ಟೀಲಿನ ಬಣ್ಣ ನೋಡಿ ಗ್ಯಾಸ್ ಟಾರ್ಚ್ ಸರಿಸುತ್ತಿದ್ದರು. ಸ್ವಲ್ಪ ಜಾಸ್ತಿ ಸುಟ್ಟರೆ ಟ್ಯೂಬ್ ಕೆಟ್ಟಿತು, ಕಡಿಮೆಯಾದರೆ ಹಿತ್ತಾಳೆ ಹೊರಗೇ ನಿಂತಿತು. ಈ ಕಣ್ಣಳತೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡೋಕೆ ಆಗಲ್ಲ, ಅಲ್ವಾ?

ಅಲ್ಯೂಮಿನಿಯಂ, ಆಮೇಲೆ ಕಾರ್ಬನ್ ಬಂದ ಮೇಲೆ ಇಂಥ ಶೆಡ್ಡುಗಳು ಬಹಳಷ್ಟು ಕಡೆ ಮುಚ್ಚಿದವು. ಜಪಾನಿನಲ್ಲಿ ಮಾತ್ರ ಕಥೆ ಸ್ವಲ್ಪ ಬೇರೆ. ಅಲ್ಲಿ 1948ರಲ್ಲಿ ಕೈರಿನ್ ಎಂಬ, ಬಾಜಿ ಕಟ್ಟುವ ಟ್ರ್ಯಾಕ್ ಸೈಕಲ್ ರೇಸ್ ಶುರುವಾಯಿತು. ಮಾನ್ಯತೆ ಪಡೆದವರು ಕಟ್ಟಿದ ಸ್ಟೀಲ್ ಫ್ರೇಮೇ ಬೇಕು ಎಂಬ ನಿಯಮ ಮಾಡಿದ್ದರಿಂದ ಸಣ್ಣ ವರ್ಕ್‌ಶಾಪ್‌ಗಳಿಗೆ ಕೆಲಸ ಉಳಿಯಿತು. ಅಂಥ ನಿಯಮ ಮಾಡಿ ಎಂದು ನಾನು ಕೇಳುತ್ತಿಲ್ಲ. ಅದು ನಗರಸಭೆಯ ಕೈಲಿಲ್ಲ, ಗೊತ್ತು.

ಒಂದು ವಾರಕ್ಕೆ ಒಬ್ಬರನ್ನು ಕಳಿಸಿ, ಸಾಕು. ಪುಸ್ತಕಗಳ ಪ್ರತಿ ಪುಟದ ಫೋಟೊ ತೆಗೆಯಲಿ. ಜಿಗ್ ಕದಲಿಸುವ ಮುಂಚೆ ಅದು ನಿಂತ ಕೋನಗಳನ್ನು ಅಳೆದುಕೊಳ್ಳಲಿ. ಗ್ಯಾಸ್ ಸಿಲಿಂಡರ್ ವಾಪಸ್ ಹೋಗುವ ಮೊದಲು ಅವರಿಂದ ಒಂದು ಲಗ್ ಬೆಸೆಸಿ ವಿಡಿಯೊ ಮಾಡಲಿ. ಕೈ ಈಗ ಸ್ವಲ್ಪ ನಡುಗುತ್ತದೆ. ಟಾರ್ಚ್ ಹಿಡಿದರೆ ನಡುಗುವುದಿಲ್ಲ.

ಕೀಲಿ ಅವರ ಹತ್ತಿರವೇ ಇದೆ. ಬೆಳಿಗ್ಗೆ ಹೋದರೆ ಶೆಡ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ.

ಇಂತಿ,
ಅವರ ಫ್ರೇಮನ್ನು ಇನ್ನೂ ಓಡಿಸುತ್ತಿರುವ ಒಬ್ಬ ಸವಾರ